‘ನೀವೇ ಏನಾದ್ರೂ ಚೆನ್ನಾಗಿ ಮಾಡಿ ಕೊಡಿ’ ಅನ್ನೋ ಕ್ಲೈಂಟ್‌ಗೆ ಡಿಸೈನ್ ಬ್ರೀಫ್ ಬರೆಯಬೇಕಾದವರು ಯಾರು?

ಗೆರೆ_ಬಣ್ಣ (ಧಾರವಾಡ)

ಲೋಗೊ, ಪ್ಯಾಕೆಟ್, ಅಂಗಡಿ ಬೋರ್ಡು, ಆಮಂತ್ರಣ ಪತ್ರಿಕೆ, ಹೀಗೆ ಬಂದ ಕೆಲಸವನ್ನೆಲ್ಲ ಮಾಡುವ ಫ್ರೀಲಾನ್ಸರ್ ನಾನು. ಈ ಗುಂಪಿನಲ್ಲಿ ಆಗಾಗ ಒಂದೇ ಪ್ರಶ್ನೆ ಬರುತ್ತಿರುತ್ತದೆ: ‘ಕ್ಲೈಂಟ್ ಮತ್ತೆ ಮತ್ತೆ ಬದಲಾವಣೆ ಕೇಳ್ತಿದಾರೆ, ಏನು ಮಾಡ್ಲಿ?’ ಉತ್ತರಗಳೆಲ್ಲ ದುಡ್ಡಿನ ಸುತ್ತಲೇ ಇರುತ್ತವೆ. ಅಡ್ವಾನ್ಸ್ ತಗೊಳ್ಳಿ, ಎರಡೇ ರಿವಿಷನ್ ಅಂತ ಮೊದಲೇ ಹೇಳಿ, ವಾಟರ್‌ಮಾರ್ಕ್ ಇಲ್ಲದೆ ಫೈಲ್ ಕಳಿಸಬೇಡಿ. ಇವೆಲ್ಲ ಬೇಕಾದವೇ. ಆದರೆ ಆ ಬದಲಾವಣೆಗಳ ಮೂಲ ಹುಡುಕಿಕೊಂಡು ಹೊರಟರೆ ಬಹಳ ಸಲ ಮೊದಲ ಫೋನ್ ಕಾಲ್‌ಗೇ ಹೋಗಿ ನಿಲ್ಲುತ್ತೇವೆ. ‘ಒಂದು ಲೋಗೊ ಬೇಕಿತ್ತು, ನೀವೇ ಏನಾದ್ರೂ ಚೆನ್ನಾಗಿ ಮಾಡಿ ಕೊಡಿ’ ಅಂದಿರುತ್ತಾರೆ. ‘ಆಯ್ತು ಸರ್’ ಅಂದಿರುತ್ತೇವೆ. ಯಾರು ನೋಡೋದಕ್ಕೆ, ಎಲ್ಲಿ ಹಾಕೋದಕ್ಕೆ, ಕೊನೆಗೆ ‘ಹೂಂ’ ಅನ್ನುವವರು ಯಾರು, ಒಂದೂ ಮಾತಿಗೆ ಬಂದಿರುವುದಿಲ್ಲ. ಇವನ್ನೆಲ್ಲ ಬರೆದಿಟ್ಟ ಪುಟವೇ ಬ್ರೀಫ್.

ಕ್ಲೈಂಟ್ ಬ್ರೀಫ್ ಕೊಡಲಿಲ್ಲ ಅಂತ ದೂರುವುದನ್ನು ನಾವು ಬಿಡಬೇಕು ಅನ್ನುವುದು ನನ್ನ ಅಭಿಪ್ರಾಯ. ಎಣ್ಣೆ ಗಾಣ ನಡೆಸುವವರಿಗೆ, ಟ್ಯೂಷನ್ ಸೆಂಟರ್ ನಡೆಸುವವರಿಗೆ ಬ್ರೀಫ್ ಬರೆದು ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವರ ಮಾತು ಕೇಳಿ ಬ್ರೀಫ್ ಬರೆಯುವುದು ಡಿಸೈನರ್ ಕೆಲಸ. ಸ್ಕೆಚ್ ಶುರುವಾಗುವ ಮೊದಲೇ ಡಿಸೈನ್ ಶುರುವಾಗಿದೆ ಅಂತ ನಾವು ನಂಬಿದರೆ ಅದಕ್ಕೂ ದುಡ್ಡು ಕೇಳುವ ಧೈರ್ಯ ಬರುತ್ತದೆ.

ಒಳ್ಳೆ ಬ್ರೀಫ್ ಎಷ್ಟು ಚಿಕ್ಕದಿರಬಹುದು ಅನ್ನುವುದಕ್ಕೆ ಅಮುಲ್ ಬೆಣ್ಣೆ ಜಾಹೀರಾತಿನ ಹುಡುಗಿಯನ್ನೇ ನೋಡಿ. 1966ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ಅವರ ಜಾಹೀರಾತು ಏಜೆನ್ಸಿ ಆ ಹುಡುಗಿಯನ್ನು ತಂದಾಗ ಎದುರಾಳಿ ಪೋಲ್ಸನ್ ಬೆಣ್ಣೆಗೆ ಆಗಲೇ ಒಬ್ಬ ಹುಡುಗಿ ಇದ್ದಳು. ಅಮುಲ್ ನಡೆಸುತ್ತಿದ್ದ ವರ್ಗೀಸ್ ಕುರಿಯನ್ ಇಟ್ಟ ಷರತ್ತು ಎರಡೇ: ಸುಲಭವಾಗಿ ಬರೆಯಲು ಬರಬೇಕು, ನೋಡಿದವರಿಗೆ ನೆನಪಿರಬೇಕು. ಆಗ ಹೋರ್ಡಿಂಗ್‌ಗಳನ್ನು ಪೇಂಟರ್‌ಗಳು ಕೈಯಲ್ಲೇ ಬರೆಯುತ್ತಿದ್ದರು, ಬೇಗ ಬೇಗ ಬದಲಿಸಬೇಕಿತ್ತು. ಈಗ ಯೂಸ್ಟೇಸ್ ಫರ್ನಾಂಡಿಸ್ ಬರೆದ ಚಿತ್ರ ನೆನಪಿಸಿಕೊಳ್ಳಿ. ಚುಕ್ಕೆ ಫ್ರಾಕು, ನೀಲಿ ಕೂದಲು, ದುಂಡು ಮುಖ. ಯಾವ ಊರಿನ ಪೇಂಟರ್ ಬೇಕಾದರೂ ಗೋಡೆಗೆ ಎತ್ತಬಹುದಾದ ಗೆರೆಗಳು. ‘ಮುದ್ದಾಗಿರಲಿ, ಮಾಡರ್ನ್ ಆಗಿರಲಿ’ ಅಂತ ಮಾತ್ರ ಹೇಳಿದ್ದರೆ ಈ ಹುಡುಗಿ ಇಷ್ಟು ವರ್ಷ ಉಳಿಯುತ್ತಿದ್ದಳು ಅಂತ ನನಗನ್ನಿಸುವುದಿಲ್ಲ.

ನೀವೆಲ್ಲ ಏನು ಮಾಡುತ್ತೀರಿ? ಬರೆಯುತ್ತೀರೋ, ಫಾರ್ಮ್ ಕಳಿಸುತ್ತೀರೋ, ಫೋನಲ್ಲೇ ಮುಗಿಸುತ್ತೀರೋ?

ಪ್ರಿಂಟ್‌ಮನೆ (ಶಿವಮೊಗ್ಗ)

ಪ್ರೆಸ್ ಕಡೆಯಿಂದ ಹೇಳುತ್ತೇನೆ. ಬ್ರೀಫ್ ಇಲ್ಲದ ಕೆಲಸದ ತೊಂದರೆಯೆಲ್ಲ ಕೊನೆಗೆ ಬಂದು ಬೀಳುವುದು ನಮ್ಮ ಮೇಜಿನ ಮೇಲೆ.

ಬಟ್ಟೆ ಚೀಲಕ್ಕೆ ಸ್ಕ್ರೀನ್ ಪ್ರಿಂಟ್ ಅಂತ ಬರುತ್ತಾರೆ. ಲೋಗೊ ನೋಡಿದರೆ ಐದು ಬಣ್ಣ, ಮೇಲೆ ಒಂದು ಬಣ್ಣ ಇನ್ನೊಂದಕ್ಕೆ ಕರಗುವ ಗ್ರೇಡಿಯೆಂಟ್. ಸ್ಕ್ರೀನ್‌ನಲ್ಲಿ ಬಣ್ಣಕ್ಕೊಂದು ಪರದೆ ಬೇಕು, ಒಂದೆರಡು ಬಣ್ಣ ದಾಟಿದರೆ ಚೀಲದ ಬೆಲೆಗಿಂತ ಪ್ರಿಂಟಿನ ಬೆಲೆಯೇ ಹೆಚ್ಚಾಗುತ್ತದೆ. ಆ ಡಿಸೈನರ್‌ಗೆ ‘ಇದು ಚೀಲದ ಮೇಲೂ ಬರುತ್ತೆ’ ಅಂತ ಯಾರೂ ಹೇಳಿರುವುದಿಲ್ಲ, ಅವರೂ ಕೇಳಿರುವುದಿಲ್ಲ.

ಪೌಚ್ ಕಥೆಯೂ ಇದೇ. ಮನೆಯಲ್ಲಿ ಸಾಂಬಾರ್ ಪುಡಿ ಮಾಡುವವರು ದೊಡ್ಡ ಕಂಪನಿ ತರಹ ಪೂರ್ತಿ ಬಣ್ಣದ ಪೌಚ್ ಡಿಸೈನ್ ಮಾಡಿಸಿಕೊಂಡು ಬರುತ್ತಾರೆ. ಗ್ರೇವ್ಯೂರ್ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಒಂದು ಸಿಲಿಂಡರ್ ಕೆತ್ತಿಸಬೇಕು, ಆ ಖರ್ಚು ಹೊರಡಬೇಕಾದರೆ ಸಾವಿರಗಟ್ಟಲೆ ಪೌಚ್ ಹೊಡೆಸಬೇಕು. ಅವರಿಗೆ ಬೇಕಿರುವುದು ಐನೂರು. ಖಾಲಿ ಪೌಚ್ ತಂದು ಚೆಂದದ ಒಂದು ಸ್ಟಿಕ್ಕರ್ ಹಚ್ಚಿದ್ದರೆ ಸಾಕಿತ್ತು. ‘ಎಷ್ಟು ಬೇಕು?’ ಅನ್ನುವ ಪ್ರಶ್ನೆ ಡಿಸೈನಿಗೆ ಮೊದಲೇ ಬಂದಿದ್ದರೆ ಡಿಸೈನೇ ಬೇರೆಯಾಗುತ್ತಿತ್ತು.

ಇನ್ನು ಕನ್ನಡದ ಫಾಂಟು. ಒಬ್ಬರು ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಸಿರುತ್ತಾರೆ, ಇನ್ನೊಬ್ಬರು ಶ್ರೀಲಿಪಿಯಲ್ಲಿ, ಮತ್ತೊಬ್ಬರು ವಾಟ್ಸಾಪ್‌ನಿಂದ ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರಲ್ಲೂ ಓದಬರುವ ಅಕ್ಷರ) ಕಾಪಿ ಮಾಡಿರುತ್ತಾರೆ. ಎಲ್ಲ ಒಂದೇ ಫೈಲಿಗೆ ಬಂದಾಗ ಅರ್ಧ ಅಕ್ಷರ ಕಸವಾಗಿರುತ್ತದೆ. ಡಿಸೈನ್ ಸಾಫ್ಟ್‌ವೇರ್ ಆದ ಇಲಸ್ಟ್ರೇಟರ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಅಕ್ಷರ ಜೋಡಿಸುವ ಕಂಪೋಸರ್ ಆನ್ ಮಾಡದೆ ಯೂನಿಕೋಡ್ ಹಾಕಿದರೆ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತದೆ. ಅಕ್ಷರ ಯಾವ ರೂಪದಲ್ಲಿ ಬರುತ್ತದೆ, ಪ್ರೂಫ್ ನೋಡುವವರು ಯಾರು ಅನ್ನುವುದು ಬ್ರೀಫ್‌ನಲ್ಲಿ ಇರಲೇಬೇಕು ಅಂತ ನಾನು ಬೇಡಿಕೊಳ್ಳುತ್ತೇನೆ.

ಕರಾವಳಿ_ಕುಂಚ (ಮಂಗಳೂರು)

ನನ್ನದು ಸ್ವಲ್ಪ ವಿರೋಧ ಉಂಟು ಮಾರಾಯ್ರೆ.

ಮೇಳದ ಯಕ್ಷಗಾನದ ಕರಪತ್ರ ಸಂಜೆ ಆರಕ್ಕೆ ಕೇಳ್ತಾರೆ, ಬೆಳಿಗ್ಗೆ ಪ್ರೆಸ್‌ಗೆ ಹೋಗ್ಬೇಕು. ಅದರಲ್ಲಿ ಸಿಗುವುದು ಸಾವಿರ, ಸಾವಿರದೈನೂರು. ಅದಕ್ಕೆ ಬ್ರೀಫ್ ಬರೆದು ಸಹಿ ಹಾಕಿಸ್ಕೊಂಡು ಕೂತರೆ ಆಟವೇ ಮುಗಿದಿರ್ತದೆ. ದೊಡ್ಡ ಏಜೆನ್ಸಿಯ ಅಭ್ಯಾಸವನ್ನು ಸಣ್ಣ ಊರಿನ ಕೆಲಸಕ್ಕೆ ತಂದು ಕೂರಿಸುವುದು ಸರಿಯಲ್ಲ.

ಎರಡನೆಯದ್ದು, ಬ್ರೀಫ್ ಅಂತ ನಾಲ್ಕು ಗೆರೆ ಬರೆದ ಕೂಡಲೇ ನಮ್ಮ ಕಣ್ಣು ಅಷ್ಟಕ್ಕೇ ಸೀಮಿತ ಆಗ್ತದೆ. ಅಮೆರಿಕದ ಡಿಸೈನರ್ ಪಾಲ್ ರ‍್ಯಾಂಡ್ ಸ್ಟೀವ್ ಜಾಬ್ಸ್‌ಗೆ 1986ರಲ್ಲಿ ಅವರ ಕಂಪ್ಯೂಟರ್ ಕಂಪನಿ ನೆಕ್ಸ್ಟ್ (NeXT) ಲೋಗೊ ಮಾಡಿ ಕೊಟ್ಟದ್ದು ಎಲ್ಲರಿಗೂ ಗೊತ್ತುಂಟಲ್ಲ. ಒಂದು ಲಕ್ಷ ಡಾಲರ್ ತಗೊಂಡು ಒಂದೇ ಒಂದು ಲೋಗೊ. ಬೇರೆ ಆಯ್ಕೆ ಇಲ್ಲ. ಅಲ್ಲಿ ಕೆಲಸ ಮಾಡಿದ್ದು ರ‍್ಯಾಂಡ್‌ನ ಕಣ್ಣು, ಕಾಗದ ಅಲ್ಲ.

ಪಾಠದ_ಕೋಣೆ (ಬೆಂಗಳೂರು)

ಡಿಸೈನ್ ಪಾಠ ಮಾಡುವವಳು ನಾನು. ಕರಾವಳಿ_ಕುಂಚ ಅವರ ಮೊದಲ ಮಾತು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ. ರ‍್ಯಾಂಡ್ ಪ್ರಸಂಗ ನಿಮ್ಮ ವಾದದ ಉಲ್ಟಾ ದಿಕ್ಕಿಗೇ ಸಾಕ್ಷಿ ಹೇಳುತ್ತದೆ. ಅವರು ಲೋಗೊ ಜೊತೆ ಒಂದು ಪುಸ್ತಿಕೆಯನ್ನೇ ಕೊಟ್ಟರು. ಹೆಸರಿನಲ್ಲಿ ‘ಇ’ ಅಕ್ಷರವನ್ನು ಮಾತ್ರ ಯಾಕೆ ಚಿಕ್ಕದಾಗಿ ಬರೆದೆ, ಪೆಟ್ಟಿಗೆಯನ್ನು 28 ಡಿಗ್ರಿ ಯಾಕೆ ಓರೆ ಮಾಡಿದೆ ಅಂತ ಹಂತಹಂತವಾಗಿ ವಿವರಿಸಿದ ಪುಸ್ತಿಕೆ ಅದು. ಕಂಪ್ಯೂಟರ್ ಕಪ್ಪು ಘನಾಕಾರದಲ್ಲಿ ಬರಲಿದೆ ಅನ್ನುವ ಸಂಗತಿ ತಿಳಿದದ್ದರಿಂದಲೇ ಲೋಗೊ ಘನವಾಯಿತು. ಒಂದೇ ಆಯ್ಕೆ ಕೊಡುವ ಧೈರ್ಯ ಬರುವುದು ಸಮಸ್ಯೆ ಪೂರ್ತಿ ಅರ್ಥವಾದವರಿಗೆ.

ಇನ್ನೊಂದು ಉದಾಹರಣೆ ನಮ್ಮ ದೇಶದ್ದೇ. ಅಮೆರಿಕದ ಡಿಸೈನರ್‌ಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅಹಮದಾಬಾದಿನ ಡಿಸೈನ್ ಸಂಸ್ಥೆ ಎನ್‌ಐಡಿ 1961ರಲ್ಲಿ ಶುರುವಾಗಲು ಅದೇ ಆಧಾರ. ಅದರಲ್ಲಿ ನಮ್ಮ ನೀರಿನ ತಂಬಿಗೆಯ ಬಗ್ಗೆ ಬರೆದಿರುವ ಭಾಗವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಓದಿಸುತ್ತೇನೆ. ಇವತ್ತು ಒಬ್ಬರು ತಂಬಿಗೆ ಡಿಸೈನ್ ಮಾಡಲು ಕೂತರೆ ಏನೇನು ಕೇಳಿಕೊಳ್ಳಬೇಕು ಅಂತ ಉದ್ದಕ್ಕೂ ಪಟ್ಟಿ ಇದೆ. ಎಷ್ಟು ನೀರು ಹಿಡಿಯಬೇಕು, ಎತ್ತುವ ಕೈ ಎಷ್ಟು ದೊಡ್ಡದು, ಎಷ್ಟು ಗಟ್ಟಿ, ತಲೆ ಮೇಲೋ ಸೊಂಟದ ಮೇಲೋ, ತುಂಬಿದಾಗ ಮತ್ತು ಖಾಲಿಯಾದಾಗ ತೂಕ ಎಲ್ಲಿ ನಿಲ್ಲುತ್ತದೆ, ಸುರಿಯುವಾಗ ನೀರು ಹೇಗೆ ಹರಿಯುತ್ತದೆ, ಒಳಗೆ ಕೈ ಹಾಕಿ ತೊಳೆಯಲು ಬರುತ್ತದಾ, ಬೆಲೆ ಎಷ್ಟು. ನಮ್ಮ ಅಜ್ಜಿಯಂದಿರ ತಂಬಿಗೆ ಈ ಪ್ರಶ್ನೆಗಳನ್ನು ತಲೆಮಾರುಗಳ ಬಳಕೆಯಲ್ಲಿ ಬಿಡಿಸಿಕೊಂಡಿತ್ತು. ನಮಗೆ ಅಷ್ಟು ಕಾಲ ಸಿಗುವುದಿಲ್ಲ. ಹಾಗಾಗಿ ಕೂತು ಬರೆಯಬೇಕು. ಆ ಪಟ್ಟಿಯಲ್ಲಿ ‘ಸುಂದರವಾಗಿರಬೇಕು’ ಅನ್ನುವುದರಿಂದ ಶುರು ಮಾಡಿಲ್ಲ ಅನ್ನುವುದನ್ನು ಗಮನಿಸಿ.

ಅಕ್ಷರ_ಅಭ್ಯಾಸ (ಕಲಬುರಗಿ)

ಮೇಡಂ, ನಮ್ಮ ಕಾಲೇಜಿನಾಗ ಬ್ರೀಫ್ ಅಂದ್ರ ಮೇಷ್ಟ್ರು ಕೊಡೋ ಅಸೈನ್‌ಮೆಂಟ್ ಹಾಳಿ ಅಷ್ಟೇ ಆಗ್ಯದ. ‘ಒಂದು ಕಾಫಿ ಬ್ರ್ಯಾಂಡಿಗೆ ಲೋಗೊ ಮಾಡ್ರಿ’ ಅಂತಾರ. ಯಾವ ಕಾಫಿ, ಯಾರು ಕುಡಿಯೋರು, ಏನೂ ಇರಂಗಿಲ್ಲ. ಅದಕ್ಕ ಎಲ್ಲಾರೂ ಬೀನ್ಸ್ ಚಿತ್ರ ಮಾಡಿ ಕೊಡ್ತೀವಿ. ಸ್ಪರ್ಧೆಗಳೂ ಹಂಗೇ ಇರ್ತಾವ. ಖರೇ ಬ್ರೀಫ್ ಹೆಂಗಿರ್ತದ ತೋರಸ್ರಿ ಯಾರಾದ್ರೂ.

ಪಾಠದ_ಕೋಣೆ

ನಿಮ್ಮ ತಕರಾರು ಸರಿ, ನಾವು ಮೇಷ್ಟ್ರುಗಳು ಇನ್ನೂ ಚೆನ್ನಾಗಿ ಬರೆದು ಕೊಡಬೇಕು. ಸ್ಪರ್ಧೆಯ ವಿಷಯಕ್ಕೆ ಬಂದರೆ ರೂಪಾಯಿ ಚಿಹ್ನೆಯನ್ನು ನೋಡಿ. 2009ರಲ್ಲಿ ಕೇಂದ್ರ ಸರ್ಕಾರ ಕರೆದಾಗ ದೇಶದ ಇತಿಹಾಸ ಮತ್ತು ಸಂಸ್ಕೃತಿಯನ್ನು ಬಿಂಬಿಸಬೇಕು ಅನ್ನುವುದರ ಜೊತೆಗೆ ಕಂಪ್ಯೂಟರ್ ಕೀಬೋರ್ಡ್‌ಗೆ ಹೊಂದಬೇಕು ಅನ್ನುವ ಷರತ್ತೂ ಇತ್ತು. ಮೊದಲನೆಯದಕ್ಕೆ ನವಿಲು, ಕಮಲ, ಚಕ್ರ ಏನು ಬೇಕಾದರೂ ಬರೆಯಬಹುದು. ಎರಡನೆಯದು ಅದನ್ನೆಲ್ಲ ಸೋಸಿ ಬಿಡುತ್ತದೆ, ಯಾಕೆಂದರೆ ಹತ್ತು ಪಾಯಿಂಟ್‌ನ ಸಣ್ಣ ಅಕ್ಷರಗಳ ಸಾಲಿನಲ್ಲಿ ನವಿಲು ನಿಲ್ಲುವುದಿಲ್ಲ. ಮೂರು ಸಾವಿರಕ್ಕೂ ಹೆಚ್ಚು ಪ್ರವೇಶಗಳಲ್ಲಿ ಐದು ಅಂತಿಮ ಸುತ್ತಿಗೆ ಬಂದವು. 2010ರ ಜುಲೈ 15ರಂದು ಸಂಪುಟ ಒಪ್ಪಿದ್ದು ಐಐಟಿ ಬಾಂಬೆಯಲ್ಲಿ ಓದುತ್ತಿದ್ದ ಡಿ. ಉದಯಕುಮಾರ್ ಅವರ ಚಿಹ್ನೆ. ದೇವನಾಗರಿಯ ‘ರ’ ಮತ್ತು ರೋಮನ್ ‘ಆರ್’ ಎರಡನ್ನೂ ಒಂದೇ ಗೆರೆಯಲ್ಲಿ ಓದಬಹುದು, ಪೆನ್ನಲ್ಲಿ ಬರೆಯಬಹುದು. ಅದೇ ವರ್ಷ ಯೂನಿಕೋಡ್‌ಗೂ ಸೇರಿತು. ಕನ್ನಡ, ತಮಿಳಿನವರಿಗೆ ಅದು ದೇವನಾಗರಿಯೇ ಯಾಕಾಗಬೇಕಿತ್ತು ಅನ್ನುವ ಪ್ರಶ್ನೆ ನನ್ನಲ್ಲೂ ಇದೆ. ಷರತ್ತು ಬರೆಯುವ ಹಂತದಲ್ಲೇ ಚರ್ಚೆಯಾಗಬೇಕಿದ್ದ ಪ್ರಶ್ನೆ ಅದು. ಕೊನೆಯ ಚಿತ್ರ ಬಂದ ಮೇಲೆ ಕೇಳಿದರೆ ಡಿಸೈನರ್ ಉತ್ತರಿಸಲಾರ.

ಮಿಡಿ_ಅಂಗಡಿ (ಶಿರಸಿ)

ಇಲ್ಲಿ ಡಿಸೈನರ್‌ಗಳೇ ಮಾತಾಡುತ್ತಿದ್ದೀರಿ, ಕ್ಲೈಂಟ್ ಒಬ್ಬಳು ಮಾತಾಡಬಹುದಾ? ನಮ್ಮದು ಮನೆಯಲ್ಲೇ ಅಪ್ಪೆಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾಡುವ ಸಣ್ಣ ಉದ್ಯಮ. ಅತ್ತೆ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ.

ಹೊಸ ಲೇಬಲ್‌ಗೆಂದು ಹಿಂದೆ ಒಂದು ಕಡೆ ವಿಚಾರಿಸಿದ್ದೆ. ಇಂಗ್ಲಿಷ್‌ನಲ್ಲಿ ಉದ್ದನೆ ಫಾರ್ಮ್ ಬಂತು. ನಿಮ್ಮ ಬ್ರ್ಯಾಂಡ್‌ನ ವ್ಯಕ್ತಿತ್ವ ಏನು, ನಿಮ್ಮ ಬ್ರ್ಯಾಂಡ್ ಮನುಷ್ಯನಾಗಿದ್ದರೆ ಯಾವ ಸಿನಿಮಾ ನಟ ಆಗಿರುತ್ತಿತ್ತು, ಹೀಗೆಲ್ಲ. ನನಗೆ ಇಂಗ್ಲಿಷ್ ಓದಲು ಬರುತ್ತದೆ, ಆದರೆ ಉಪ್ಪಿನಕಾಯಿ ಬಗ್ಗೆ ನನಗೆ ಗೊತ್ತಿರುವ ಒಂದು ವಿಷಯವನ್ನೂ ಆ ಫಾರ್ಮ್ ಕೇಳಲಿಲ್ಲ. ಬಾಟಲಿಯಿಂದ ಎಣ್ಣೆ ಜಿನುಗಿ ಲೇಬಲ್ ಕಲೆಯಾಗುವುದು ನಮ್ಮ ದೊಡ್ಡ ಸಮಸ್ಯೆ. ಅದನ್ನು ಬರೆಯಲು ಜಾಗವೇ ಇರಲಿಲ್ಲ. ನಾವು ‘ನೀವೇ ಏನಾದರೂ ಮಾಡಿ’ ಅನ್ನುವುದು ಸೋಮಾರಿತನದಿಂದಲ್ಲ. ಯಾವುದು ಹೇಳಬೇಕಾದ ಮಾತು, ಯಾವುದು ಬೇಡದ್ದು ಅಂತ ಗೊತ್ತಿರುವುದಿಲ್ಲ, ಪೆದ್ದುತನ ಕಾಣಿಸೀತು ಅನ್ನುವ ಸಂಕೋಚ ಬೇರೆ. ಎದುರಿಗೆ ಕೂತು ಕನ್ನಡದಲ್ಲಿ ಕೇಳಿದರೆ ಗಂಟೆಗಟ್ಟಲೆ ಹೇಳುತ್ತೇವೆ.

ಗೆರೆ_ಬಣ್ಣ

ಅಕ್ಕಾ, ಈ ಚರ್ಚೆಯಲ್ಲಿ ಇಲ್ಲಿಯವರೆಗೆ ಬಂದ ಅತ್ಯಂತ ಮುಖ್ಯ ಮಾತು ನಿಮ್ಮದು. ಒಪ್ಪುವುದಾದರೆ ನಿಮ್ಮ ಲೇಬಲ್ ಬ್ರೀಫನ್ನು ಇಲ್ಲೇ ಎಲ್ಲರ ಮುಂದೆ ಬರೆಯೋಣವೇ? ಕಲಬುರಗಿಯ ತಮ್ಮನಿಗೂ ಖರೇ ಬ್ರೀಫ್ ನೋಡಿದಂತಾಗುತ್ತದೆ. ನನ್ನ ಪ್ರಶ್ನೆಗಳು ಇವು, ಮನಸ್ಸಿಗೆ ಬಂದಂತೆ ಉತ್ತರಿಸಿ.

ಈಗ ಯಾರು ಕೊಳ್ಳುತ್ತಿದ್ದಾರೆ, ಎಲ್ಲಿ? ಮುಂದೆ ಯಾರು ಕೊಳ್ಳಲಿ ಅಂತ ಆಸೆ? ಲೇಬಲ್ ಬದಲಿಸಬೇಕು ಅಂತ ಅನ್ನಿಸಿದ್ದು ಯಾವ ಘಟನೆಯಿಂದ? ಬಾಟಲಿ ಯಾವುದು? ಒಂದು ಸಲಕ್ಕೆ ಎಷ್ಟು ಲೇಬಲ್ ಹೊಡೆಸುತ್ತೀರಿ? ಮನೆಯಲ್ಲಿ ಕೊನೆಗೆ ‘ಇದೇ ಇರಲಿ’ ಅನ್ನುವವರು ಯಾರು?

ಕೊನೆಯ ಪ್ರಶ್ನೆಯನ್ನು ಕೇಳಲು ಎಲ್ಲ ಡಿಸೈನರ್‌ಗಳೂ ಹಿಂಜರಿಯುತ್ತಾರೆ. ನನ್ನ ಪ್ರಕಾರ ಅದೇ ಬ್ರೀಫ್‌ನ ಅತ್ಯಂತ ಬೆಲೆಯುಳ್ಳ ಸಾಲು. ಮಗ ಮಾತಾಡಿ ಒಪ್ಪಿಸಿ, ಅಪ್ಪ ಕೊನೆಯ ದಿನ ಬಂದು ‘ಬಣ್ಣ ನಮ್ಮ ಮನೆತನಕ್ಕೆ ಆಗಿಬರಲ್ಲ’ ಅಂದರೆ ಎಷ್ಟು ಒಳ್ಳೆ ಕೆಲಸವೂ ಮೊದಲಿನಿಂದ ಶುರು. ಅಪ್ಪನ ಮಾತಿಗೆ ಬೆಲೆ ಇಲ್ಲವೆಂದಲ್ಲ. ಆ ಮಾತು ಮೊದಲ ದಿನ ಕಿವಿಗೆ ಬೀಳಬೇಕು ಅಷ್ಟೆ.

ಮಿಡಿ_ಅಂಗಡಿ

ಕೊಳ್ಳುವವರು ಹೆಚ್ಚಿನವರು ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗಿ ನೆಲೆಸಿದವರು. ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ ಫೋನ್ ಮಾಡಿ ತರಿಸುತ್ತಾರೆ. ಈಗ ಬೆಂಗಳೂರಿನ ಎರಡು ಅಂಗಡಿಯವರು ಇಡುತ್ತೇವೆ ಅಂದಿದ್ದಾರೆ, ಆದರೆ ಈಗಿನ ಲೇಬಲ್ ಸಾಲದು ಅಂದರು. ಕಪಾಟಿನಲ್ಲಿ ಬೇರೆ ಬಾಟಲಿಗಳ ನಡುವೆ ಕಾಣುವುದೇ ಇಲ್ಲವಂತೆ. ಅಪ್ಪೆಮಿಡಿ ಅಂದರೇನು ಅಂತ ಗೊತ್ತಿಲ್ಲದವರೂ ಅಲ್ಲಿಗೆ ಬರುತ್ತಾರೆ, ಮಾಮೂಲಿ ಮಾವಿನಕಾಯಿ ಹೋಳಿನ ಉಪ್ಪಿನಕಾಯಿ ಅಂದುಕೊಳ್ಳುತ್ತಾರೆ.

ಗಾಜಿನ ಬಾಟಲಿ, ಕಾಲು ಕೆಜಿ ಮತ್ತು ಅರ್ಧ ಕೆಜಿ. ಲೇಬಲ್ ಒಂದು ಸಲಕ್ಕೆ ಸಾವಿರ ಸಾಕು. ಮಿಡಿ ಸಿಗುವುದು ಬೇಸಿಗೆಯ ಹೊತ್ತಿಗೆ ಮಾತ್ರ, ಆ ವರ್ಷ ಸಿಕ್ಕಷ್ಟೇ ಮಾಲು. ಮುಚ್ಚಳ ಹಳದಿ. ಅತ್ತೆ ಆಗ ಸಿಕ್ಕಿದ್ದು ತಂದಿದ್ದರು, ಈಗ ಜನ ‘ಹಳದಿ ಮುಚ್ಚಳದ್ದು’ ಅಂತಲೇ ಕೇಳುತ್ತಾರೆ. ಕೊನೆಗೆ ಒಪ್ಪುವವರು ಅತ್ತೆ. ಅವರಿಗೆ ಸಣ್ಣ ಅಕ್ಷರ ಓದಲು ಕಷ್ಟ.

ಪಾಠದ_ಕೋಣೆ

ಹಳದಿ ಮುಚ್ಚಳದ ಸಾಲನ್ನು ಬ್ರೀಫ್‌ನಲ್ಲಿ ಮೊದಲಿಗೇ ಬರೆಯಿರಿ: ಮುಟ್ಟಬಾರದ್ದು. ಏನು ಬದಲಾಗಬೇಕು ಅಂತ ಎಲ್ಲರೂ ಬರೆಯುತ್ತಾರೆ, ಏನು ಉಳಿಯಬೇಕು ಅಂತ ಬರೆಯುವವರು ಕಡಿಮೆ. ಅಮೆರಿಕದಲ್ಲಿ ಟ್ರಾಪಿಕಾನ ಕಿತ್ತಳೆ ರಸದ ಡಬ್ಬಿಯನ್ನು 2009ರ ಜನವರಿಯಲ್ಲಿ ಪೂರ್ತಿ ಬದಲಿಸಿದರು. ಹಣ್ಣಿಗೇ ಸ್ಟ್ರಾ ಚುಚ್ಚಿದ ಹಳೆಯ ಚಿತ್ರ ತೆಗೆದು ಲೋಟದಲ್ಲಿ ರಸ ತೋರಿಸಿದರು, ಅಡ್ಡಕ್ಕಿದ್ದ ಹೆಸರನ್ನು ಉದ್ದಕ್ಕೆ ನಿಲ್ಲಿಸಿದರು. ಡಿಸೈನ್ ಕೆಟ್ಟದಾಗಿತ್ತು ಅಂತ ನಾನು ಹೇಳುವುದಿಲ್ಲ, ಅಚ್ಚುಕಟ್ಟಾಗಿಯೇ ಇತ್ತು. ಆದರೆ ಅಂಗಡಿಯಲ್ಲಿ ಜನಕ್ಕೆ ತಮ್ಮ ಡಬ್ಬಿ ಸಿಗಲಿಲ್ಲ. ಎರಡು ತಿಂಗಳು ತುಂಬುವುದರೊಳಗೆ ಮಾರಾಟ ಸುಮಾರು 20 ಶೇಕಡಾ ಇಳಿದು ಹಳೆಯ ಡಬ್ಬಿಗೇ ಮರಳಿದರು. ಕೊಳ್ಳುವವರು ಯಾವ ಗುರುತು ಹಿಡಿದು ಕೈ ಚಾಚುತ್ತಾರೆ ಅನ್ನುವುದನ್ನು ಅಂಗಡಿಯ ಮುಂದೆ ನಿಂತು ನೋಡಿ ಬರೆದುಕೊಳ್ಳಬೇಕು.

ಗೆರೆ_ಬಣ್ಣ

ಸರಿ, ಕರಡು ಹಾಕುತ್ತಿದ್ದೇನೆ. ಬೇಕೆಂದೇ ಒಂದು ಪುಟದೊಳಗೆ ಮುಗಿಸಿದ್ದೇನೆ, ಅತ್ತೆಯವರಿಗೆ ಓದಿ ಹೇಳುವಂತಿರಬೇಕು.

ಕೆಲಸ: ಅಪ್ಪೆಮಿಡಿ ಉಪ್ಪಿನಕಾಯಿಯ ಎರಡು ಅಳತೆಯ ಗಾಜಿನ ಬಾಟಲಿಗೆ ಲೇಬಲ್.

ಯಾಕೆ: ಇಲ್ಲಿಯವರೆಗೆ ಫೋನಿನಲ್ಲಿ ಮಾರುತ್ತಿದ್ದ ಬಾಟಲಿ ಈಗ ಅಂಗಡಿಯ ಕಪಾಟಿಗೆ ಹೋಗುತ್ತಿದೆ. ಅಲ್ಲಿ ಹೇಳಿಕೊಡಲು ನಾವು ಇರುವುದಿಲ್ಲ, ಬಾಟಲಿಯೇ ಹೇಳಬೇಕು.

ಯಾರಿಗೆ: ಒಂದು, ಮಲೆನಾಡಿನ ಮೂಲದವರು. ಅವರಿಗೆ ‘ಅಪ್ಪೆಮಿಡಿ’ ಅನ್ನುವ ಅಕ್ಷರ ಕಂಡರೆ ಸಾಕು. ಎರಡು, ಮಿಡಿಯ ಪರಿಚಯವೇ ಇಲ್ಲದವರು. ಅವರಿಗೆ ಇದು ಇಡೀ ಎಳೆಯ ಮಾವಿನಕಾಯಿ, ಇದರ ಸೊನೆಯ ಪರಿಮಳವೇ ಇದರ ಹೆಚ್ಚುಗಾರಿಕೆ ಅನ್ನುವುದು ಒಂದು ನೋಟಕ್ಕೆ ತಿಳಿಯಬೇಕು. ಇಬ್ಬರಲ್ಲಿ ಆರಿಸಬೇಕಾಗಿ ಬಂದರೆ ಈ ಸಲ ಎರಡನೆಯವರು.

ಉಳಿಯಬೇಕಾದದ್ದು: ಹಳದಿ ಮುಚ್ಚಳ. ಲೇಬಲ್‌ನ ಬಣ್ಣ ಅದರ ಜೊತೆ ಜಗಳ ಆಡಬಾರದು.

ಅಕ್ಷರ: ಹೆಸರು ಕನ್ನಡದಲ್ಲಿ ದೊಡ್ಡದಾಗಿ, ಇಂಗ್ಲಿಷ್ ಅದರ ಕೆಳಗೆ. ಯೂನಿಕೋಡ್ ಮಾತ್ರ. ‘ಅಪ್ಪೆ’ಯ ಒತ್ತು ಕೆಳಸಾಲಿನ ಅಕ್ಷರಕ್ಕೆ ತಾಗದಂತೆ ಸಾಲಿನ ನಡುವೆ ಜಾಗ. ಮುಖ್ಯ ಮಾಹಿತಿ ಅತ್ತೆಯವರು ಕನ್ನಡಕ ಹಾಕಿ ಓದುವಷ್ಟು ದೊಡ್ಡದು.

ಬೇಡವಾದದ್ದು: ಹೋಳು ಮಾವಿನಕಾಯಿ ಚಿತ್ರ, ಇಂಟರ್‌ನೆಟ್ಟಿನಿಂದ ತೆಗೆದ ಅಜ್ಜಿಯ ಚಿತ್ರ.

ಒಪ್ಪಿಗೆ: ಅತ್ತೆ. ಮೊದಲ ಸ್ಕೆಚ್‌ನಿಂದಲೇ ಅವರು ಜೊತೆಗಿರಬೇಕು.

ಗೆದ್ದಿತು ಅಂತ ಹೇಳುವುದು ಹೇಗೆ: ಮಿಡಿ ಗೊತ್ತಿಲ್ಲದ ಒಬ್ಬರ ಮುಂದೆ ಬಾಟಲಿ ಇಟ್ಟು ‘ಇದರೊಳಗೆ ಏನಿದೆ?’ ಅಂತ ಕೇಳಿದರೆ ಅವರು ಸರಿಯಾಗಿ ಹೇಳಬೇಕು.

ತಿದ್ದುಪಡಿ ಹೇಳಿ. ಅಂಗಡಿ ಬೋರ್ಡಿನ ಕೆಲಸವಾಗಿದ್ದರೆ ಇಷ್ಟೇ ಜೋರಾಗಿ ಇನ್ನೊಂದು ಸಾಲು ಸೇರಿಸುತ್ತಿದ್ದೆ: 2024ರ ತಿದ್ದುಪಡಿ ಕಾಯ್ದೆ ಪ್ರಕಾರ ನಮ್ಮ ರಾಜ್ಯದಲ್ಲಿ ನಾಮಫಲಕದ 60 ಶೇಕಡಾ ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ಇಂಗ್ಲಿಷ್ ಲೋಗೊ ಮಾಡಿ ಮುಗಿಸಿ ಆಮೇಲೆ ಮೂಲೆಯಲ್ಲಿ ಕನ್ನಡ ತುರುಕುವವರು ಬೋರ್ಡನ್ನು ಎರಡು ಸಲ ಮಾಡಿಸುತ್ತಿದ್ದಾರೆ. ಕಾಯ್ದೆ ಇಲ್ಲದಿದ್ದರೂ ಕನ್ನಡದ ಹೆಸರನ್ನೇ ಮೊದಲು ಬರೆದು ನೋಡುವುದು ನನ್ನ ಪದ್ಧತಿ.

ಲೇಬಲ್_ಲೆಕ್ಕ (ಹುಬ್ಬಳ್ಳಿ)

ಆಹಾರ ಪ್ಯಾಕೇಜಿಂಗ್ ಕೆಲಸವನ್ನೇ ಮಾಡುವವನು ನಾನು. ಈ ಕರಡಿನಲ್ಲಿ ಕಾನೂನಿನ ಭಾಗವೇ ಬಿಟ್ಟುಹೋಗಿದೆ. ಸಣ್ಣ ಲೇಬಲ್‌ನಲ್ಲಿ ಅರ್ಧ ಜಾಗ ತಿನ್ನುವುದು ಅದೇ.

ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು ಮತ್ತು ಅದು ಕೊಟ್ಟ 14 ಅಂಕಿಯ ಸಂಖ್ಯೆ, ಹಸಿರು ಚೌಕದೊಳಗೆ ಹಸಿರು ಚುಕ್ಕೆಯ ಸಸ್ಯಾಹಾರಿ ಚಿಹ್ನೆ, ತೂಕದ ಇಳಿಕೆ ಕ್ರಮದಲ್ಲಿ ಪದಾರ್ಥಗಳು, ಪೌಷ್ಟಿಕಾಂಶದ ಮಾಹಿತಿ, ಬ್ಯಾಚ್ ನಂಬರ್, ತಯಾರಿಸಿದ ಮತ್ತು ಅವಧಿ ಮುಗಿಯುವ ದಿನಾಂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ನಿವ್ವಳ ತೂಕ, ತಯಾರಕರ ಪೂರ್ತಿ ವಿಳಾಸ, ಗ್ರಾಹಕರು ದೂರು ಹೇಳಲು ಫೋನ್ ಮತ್ತು ಇಮೇಲ್. ಸಾಸಿವೆ ಹಾಕುವುದಾದರೆ ಅದನ್ನು ಪದಾರ್ಥಗಳಲ್ಲಿ ಬರೆಯಲು ಮರೆಯಬೇಡಿ. ಕಡ್ಡಾಯ ವಿವರಗಳು ಇಂಗ್ಲಿಷ್‌ನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇರಲೇಬೇಕು. ಕನ್ನಡವನ್ನು ಜೊತೆಗೆ ಹಾಕಬಹುದು, ಅದೊಂದನ್ನೇ ಹಾಕಿದರೆ ಸಾಲದು. ನನಗೆ ಇದು ನೋವಿನ ಸಂಗತಿ, ಕರ್ನಾಟಕದಲ್ಲೇ ತಯಾರಾಗಿ ಇಲ್ಲೇ ಮಾರಾಟವಾಗುವ ವಸ್ತುವಿಗೆ ಕನ್ನಡ ಸಾಕಾಗಬೇಕಿತ್ತು. ಆದರೆ ನಿಯಮ ಇರುವುದು ಹೀಗೆ, ಜಾಗದ ಲೆಕ್ಕವನ್ನು ಎರಡು ಭಾಷೆಗೆ ಹಾಕಿಕೊಳ್ಳಿ.

ಇನ್ನೊಂದು, ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ಅಕ್ಕ ಅವರೇ, ಲೇಬಲ್ ಮೇಲೆ ಜಿಐ ಗುರುತು ಹಾಕಬೇಕೆಂದಿದ್ದರೆ ಮೊದಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಆಗಿಲ್ಲದಿದ್ದರೆ ಬ್ರೀಫ್‌ನಲ್ಲಿ ‘ಜಿಐ ಗುರುತು ಸದ್ಯಕ್ಕೆ ಇಲ್ಲ, ಮುಂದೆ ಬಂದರೆ ಇಷ್ಟು ಜಾಗ’ ಅಂತ ಬರೆಸಿಕೊಳ್ಳಿ.

ಪ್ರಿಂಟ್‌ಮನೆ

ಎಣ್ಣೆ ವಿಷಯ ಕರಡಿನಲ್ಲಿ ಬರಲೇ ಇಲ್ಲವಲ್ಲ, ಅಕ್ಕ ಮೊದಲು ಹೇಳಿದ್ದೇ ಅದು. ಪೇಪರ್ ಸ್ಟಿಕ್ಕರ್ ಬೇಡ, ಪಿಪಿ ಅನ್ನುವ ಪ್ಲಾಸ್ಟಿಕ್ ಫಿಲ್ಮ್ ಸ್ಟಿಕ್ಕರ್ ಮೇಲೆ ಲ್ಯಾಮಿನೇಷನ್. ಬ್ಯಾಚ್ ಮತ್ತು ದಿನಾಂಕ ಮುದ್ರೆ ಒತ್ತುವ ಜಾಗದಲ್ಲಿ ಮಾತ್ರ ಲ್ಯಾಮಿನೇಷನ್ ಬಿಡಬೇಕು, ಇಲ್ಲವಾದರೆ ಇಂಕು ಒರೆಸಿದರೆ ಹೋಗುತ್ತದೆ. ಅಥವಾ ದಿನಾಂಕವನ್ನು ಮುಚ್ಚಳದ ಮೇಲೆ ಒತ್ತಿ ಲೇಬಲ್‌ನಲ್ಲಿ ‘ಮುಚ್ಚಳ ನೋಡಿ’ ಅಂತ ಬರೆಯಿರಿ. ಸಾವಿರ ಲೇಬಲ್ ಅಂದರೆ ಡಿಜಿಟಲ್ ಪ್ರಿಂಟೇ ಸರಿ, ಬಣ್ಣದ ಲೆಕ್ಕ ಬೇಡ, ಸುತ್ತ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಬಿಟ್ಟರೆ ಸಾಕು.

ಬಾಟಲಿಯನ್ನು ಕೈಯಲ್ಲಿ ಹಿಡಿದು ಅಳೆಯಿರಿ. ಹೆಗಲ ಹತ್ತಿರ ಬಾಗು ಶುರುವಾಗುವ ಕಡೆಗೆ ಲೇಬಲ್ ಹೋದರೆ ಸುಕ್ಕಾಗುತ್ತದೆ. ನೇರ ಭಾಗ ಎಷ್ಟಿದೆಯೋ ಅಷ್ಟೇ ನಿಮ್ಮ ಲೇಬಲ್‌ನ ಎತ್ತರ.

ಅಕ್ಷರ_ಅಭ್ಯಾಸ

ಇಷ್ಟೆಲ್ಲಾ ಬರೆದ ಮ್ಯಾಲ ಡಿಸೈನ್ ಮಾಡಾಕ ಏನು ಉಳೀತು ಅಂತ ಮೊದಲು ಅನಸ್ತು ನನಗ. ಆಮ್ಯಾಲ ಕರಡು ಮತ್ತೊಮ್ಮೆ ಓದೀನಿ. ‘ಇಡೀ ಎಳೆ ಕಾಯಿ ಅಂತ ಒಂದು ನೋಟಕ್ಕ ತಿಳೀಬೇಕು’ ಅನ್ನೋ ಸಾಲು ಓದಿದ ಕೂಡಲೇ ತಲ್ಯಾಗ ಚಿತ್ರ ಬರಾಕ ಹತ್ಯಾವ. ಲೇಬಲ್ ನಡುವ ಮಿಡಿ ಆಕಾರದಾಗ ಕಿಟಕಿ ಕತ್ತರಿಸಿ ಬಿಟ್ರ ಒಳಗಿನ ಖರೇ ಮಿಡಿನೇ ಕಾಣ್ತದಲ್ರಿ? ಗಾಜಿನ ಬಾಟಲಿ ಅದ ಅಲ್ಲ.

ಕರಾವಳಿ_ಕುಂಚ

ತಮ್ಮನ ಕಿಟಕಿ ಐಡಿಯಾ ಭಾರೀ ಉಂಟು. ಬ್ರೀಫ್ ಕಣ್ಣು ಕಟ್ಟಿ ಹಾಕ್ತದೆ ಅಂದಿದ್ದೆ, ಇಲ್ಲಿ ಹಾಗಾಗ್ಲಿಲ್ಲ ಅಂತ ಒಪ್ತೇನೆ. ಆದರೆ ಕರಪತ್ರದ ವಿಷಯದಲ್ಲಿ ನನ್ನ ಮಾತು ಹಾಗೇ ಇರ್ಲಿ. ರಾತ್ರಿ ಕೆಲಸಕ್ಕೆ ಇಷ್ಟು ಬರೆಯುವುದು ಆಗುವುದಿಲ್ಲ.

ಗೆರೆ_ಬಣ್ಣ

ಆ ಕೆಲಸಕ್ಕೆ ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಸಾಕು: ಪ್ರಸಂಗದ ಹೆಸರು, ದಿನ, ಜಾಗ ಇದೇ ತಾನೆ? ಹೆಸರುಗಳ ಕ್ರಮ ಯಾರು ಹೇಳಿದ್ದು? ಅಳತೆ ಎಷ್ಟು? ಪ್ರೂಫ್ ಯಾರು ನೋಡುತ್ತಾರೆ? ಅವರು ‘ಸರಿ’ ಅಂತ ಟೈಪ್ ಮಾಡಿದರೆ ಅದೇ ಸಹಿ. ಭಾಗವತರ ಹೆಸರು ಕೆಳಗೆ ಹೋಗಿ ಮುನಿಸು ಬರುವುದಾದರೂ ತಪ್ಪುತ್ತದೆ.

ಕರಾವಳಿ_ಕುಂಚ

ಹೆಸರುಗಳ ಕ್ರಮ! ಹೌದು, ಅದು ದೊಡ್ಡ ತಲೆನೋವೇ. ನಾಲ್ಕು ಸಾಲು ಆಗ್ತದೆ.

ಏಜೆನ್ಸಿ_ಅನುಭವ (ಬೆಂಗಳೂರು)

ಒಂದು ಸೇರ್ಪಡೆ. ಬ್ರೀಫ್ ಜೊತೆಯಲ್ಲೇ ಹಕ್ಕುಸ್ವಾಮ್ಯದ ಮಾತೂ ಬರವಣಿಗೆಯಲ್ಲಿ ಇರಲಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ ಲೆಕ್ಕ. ಮುಂದೆ ಶಿರಸಿಯ ಉಪ್ಪಿನಕಾಯಿ ವಿದೇಶಕ್ಕೆ ಹೋಗುವ ಕಾಲ ಬಂದರೆ ಅಕ್ಕನಿಗೂ ಡಿಸೈನರ್‌ಗೂ ಗೊಂದಲ ಇರುವುದಿಲ್ಲ. ಚಿತ್ರ ಬರೆದವರ ಮೂಲ ಫೈಲ್ ಯಾರ ಬಳಿ ಇರುತ್ತದೆ ಅನ್ನುವುದನ್ನೂ ಈಗಲೇ ಬರೆದುಕೊಳ್ಳಿ.

ಮಿಡಿ_ಅಂಗಡಿ

ಅತ್ತೆಗೆ ಕರಡು ಓದಿ ಹೇಳಿದೆ. ಎರಡು ತಿದ್ದುಪಡಿ ಕೊಟ್ಟರು. ‘ಸೊನೆಯ ಪರಿಮಳ’ ಅಂತ ಬರೆದಿದ್ದು ಸರಿ, ಆದರೆ ಒಂದೊಂದು ಮರದ ಮಿಡಿಗೆ ಒಂದೊಂದು ಪರಿಮಳ, ನಾವು ಬೇರೆ ಬೇರೆ ಮರದ್ದನ್ನು ಬೇರೆ ಬೇರೆಯಾಗಿ ಹಾಕುತ್ತೇವೆ, ಯಾವ ಊರಿನ ಮರದ್ದು ಅಂತ ಬರೆಯಲು ಲೇಬಲ್‌ನಲ್ಲಿ ಜಾಗ ಬೇಕು ಅಂದರು. ಇದನ್ನು ನನಗೂ ಇಷ್ಟು ದಿನ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ ಅಂತ ಕಾಣುತ್ತದೆ. ಎರಡನೆಯದು, ಕಿಟಕಿ ಬಿಡುವುದಾದರೆ ಮಸಾಲೆಯಲ್ಲಿ ಮುಳುಗಿದ ಮಿಡಿ ಗಾಜಿನ ಹತ್ತಿರ ಕಾಣುವ ಹಾಗೆ ತುಂಬಲು ತಮಗೆ ಬರುತ್ತದೆಯಂತೆ.

ಜಿಐ ನೋಂದಣಿ ಆಗಿಲ್ಲ, ವಿಚಾರಿಸುತ್ತೇನೆ. ಬಾಟಲಿಯ ನೇರ ಭಾಗ ಕಾಲು ಕೆಜಿಯದ್ದು 6 ಸೆಂಟಿಮೀಟರ್, ಅರ್ಧ ಕೆಜಿಯದ್ದು ನಾಳೆ ಅಳೆದು ಹೇಳುತ್ತೇನೆ.

ಗೆರೆ_ಬಣ್ಣ

ಮರದ ಊರಿನ ಹೆಸರು ಬರುವುದಾದರೆ ಲೇಬಲ್ ಪೂರ್ತಿ ಬದಲಾಗುತ್ತದೆ ಅಕ್ಕಾ, ಒಳ್ಳೆಯದಕ್ಕೇ ಬದಲಾಗುತ್ತದೆ. ಪ್ರತಿ ಮರಕ್ಕೂ ಬೇರೆ ಲೇಬಲ್ ಹೊಡೆಸುವುದು ದುಬಾರಿ. ಒಂದೇ ಲೇಬಲ್, ಅದರಲ್ಲಿ ಅತ್ತೆಯವರು ಕೈಯಲ್ಲೇ ಊರಿನ ಹೆಸರು ಬರೆಯುವ ಒಂದು ಪಟ್ಟಿ. ಆ ಪಟ್ಟಿಯ ಮೇಲೂ ಲ್ಯಾಮಿನೇಷನ್ ಬರಬಾರದು, ಪ್ರಿಂಟ್‌ಮನೆಯವರು ಗಮನಿಸಿ. ಎಣ್ಣೆಗೆ ಅಳಿಸದ ಪೆನ್ನು ಯಾವುದು ಅಂತಲೂ ಹೇಳಿ.

ಕಾನೂನಿನ ಸಾಲು, ಎಣ್ಣೆ, ಊರಿನ ಪಟ್ಟಿ, ಹಕ್ಕಿನ ಸಾಲು ಎಲ್ಲ ಸೇರಿಸಿ ಎರಡನೆಯ ಕರಡು ಇಲ್ಲೇ ಹಾಕುತ್ತೇನೆ. ಕೊಟೇಷನ್ ಬೇರೆಯಾಗಿ ಕಳಿಸುತ್ತೇನೆ, ಅದರಲ್ಲಿ ಬ್ರೀಫ್‌ಗೆ ಒಂದು ಸಾಲು, ಲೇಬಲ್‌ಗೆ ಒಂದು ಸಾಲು ಇರುತ್ತದೆ. ಬ್ರೀಫ್ ಮಾತ್ರ ತೆಗೆದುಕೊಂಡು ಬೇರೆ ಡಿಸೈನರ್ ಹತ್ತಿರ ಹೋಗಬೇಕು ಅನ್ನಿಸಿದರೆ ಧಾರಾಳವಾಗಿ ಹೋಗಬಹುದು, ಅದು ನಿಮ್ಮದೇ.

ಪ್ರಿಂಟ್‌ಮನೆ

ಪಿಪಿ ಫಿಲ್ಮ್ ಮೇಲೆ ಸಾದಾ ಬಾಲ್ ಪೆನ್ ನಿಲ್ಲುವುದಿಲ್ಲ. ಸಿಡಿ ಮೇಲೆ ಬರೆಯುವ ಪರ್ಮನೆಂಟ್ ಮಾರ್ಕರ್ ಬಳಸಿ, ಬರೆದು ಒಣಗಿದ ಮೇಲೆ ಬಾಟಲಿಗೆ ಹಚ್ಚಿ. ಎಣ್ಣೆ ಕೈಯಲ್ಲಿ ಒರೆಸಿ ನೋಡಲು ಎರಡು ಬಗೆಯ ಸ್ಟಾಕ್‌ನ ತುಂಡುಗಳನ್ನು ಶಿರಸಿಗೆ ಕಳಿಸಿಕೊಡುತ್ತೇನೆ.